ಅಕ್ರಮವಾಗಿ ತೆಗೆದುಕೊಂಡ ಚರ ಸ್ವತ್ತಿನ ಬಗ್ಗೆ ದಾವೆ ಹೂಡಲು ಇರುವ ಕಾಲಮಿತಿ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಒಡವೆ, ವಾಹನ, ಜಾನುವಾರು, ಪಂಪ್‌ಸೆಟ್, ಯಂತ್ರೋಪಕರಣ, ಮೊಬೈಲ್ ದೂರವಾಣಿ, ಮೂಲ ದಾಖಲೆಪತ್ರ ಮುಂತಾದ ವಸ್ತುಗಳನ್ನು ಬೇರೊಬ್ಬರು ಕಳವು ಮಾಡಿದಾಗ, ಬಲವಂತದಿಂದ ಒಯ್ದಾಗ ಅಥವಾ ನಂಬಿ ಕೊಟ್ಟದ್ದನ್ನು ಹಿಂದಿರುಗಿಸದೆ ಉಳಿಸಿಕೊಂಡಾಗ, ಸ್ವತ್ತಿನ ಮೇಲೆ ಹಕ್ಕುಳ್ಳವರು ಅದನ್ನು ಮರಳಿ ಪಡೆಯಲು ಅಥವಾ ನಷ್ಟ ಪರಿಹಾರ ಪಡೆಯಲು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಆದರೆ ಈ ದಾವೆಯನ್ನು ಕಾನೂನು ಗೊತ್ತುಪಡಿಸಿದ ಅವಧಿಯೊಳಗೆ ಹೂಡತಕ್ಕದ್ದು. ಅವಧಿ ಮೀರಿದ ದಾವೆಯು, ವಾದಿಯ ಹಕ್ಕು ಎಷ್ಟೇ ನ್ಯಾಯಯುತವಾಗಿದ್ದರೂ, ವಜಾ ಆಗುತ್ತದೆ.

ಪೊಲೀಸ್ ಠಾಣೆಯಲ್ಲಿ ದೂರು ನೀಡಿದ್ದೇವೆ, ಹಿರಿಯರ ಸಮ್ಮುಖದಲ್ಲಿ ಮಾತುಕತೆ ನಡೆಯುತ್ತಿದೆ, ಎದುರುದಾರರು ಇಂದು ನಾಳೆ ಕೊಡುವುದಾಗಿ ಹೇಳುತ್ತಿದ್ದಾರೆ ಎಂಬ ಭರವಸೆಯಲ್ಲಿ ಕಾಯುವಾಗಲೇ ಅವಧಿ ಮುಗಿದುಹೋಗುವ ಸಂಭವವಿರುತ್ತದೆ. ಇವುಗಳಲ್ಲಿ ಯಾವುದೂ ಸಿವಿಲ್ ದಾವೆಯ ಕಾಲಮಿತಿಯನ್ನು ತಡೆಹಿಡಿಯುವುದಿಲ್ಲ. ಆದುದರಿಂದ ಕಾಲಮಿತಿ ಎಷ್ಟು, ಅದು ಯಾವ ದಿನದಿಂದ ಆರಂಭವಾಗುತ್ತದೆ, ಯಾವ ದಿನಗಳನ್ನು ಲೆಕ್ಕದಿಂದ ಬಿಡಲಾಗುತ್ತದೆ ಎಂಬ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಚರ ಸ್ವತ್ತು ಎಂದರೆ ಏನು

ಜಮೀನು, ಕಟ್ಟಡ ಹಾಗೂ ಭೂಮಿಗೆ ಶಾಶ್ವತವಾಗಿ ಸೇರಿಕೊಂಡಿರುವ ವಸ್ತುಗಳು ಸ್ಥಿರ ಸ್ವತ್ತು. ಸ್ಥಿರ ಸ್ವತ್ತನ್ನು ಹೊರತುಪಡಿಸಿ ಉಳಿದ ಎಲ್ಲ ಬಗೆಯ ಸ್ವತ್ತು ಚರ ಸ್ವತ್ತು. ಈ ಪುಟದಲ್ಲಿನ ಮಾಹಿತಿಯು ಗುರುತಿಸಬಹುದಾದ ನಿರ್ದಿಷ್ಟ ಚರ ಸ್ವತ್ತಿಗೆ ಮಾತ್ರ ಸಂಬಂಧಿಸಿದೆ. ಕೈಗಡವಾಗಿ ಕೊಟ್ಟ ಹಣದ ವಸೂಲಿಗೆ ಹಾಗೂ ಜಮೀನಿನ ಸ್ವಾಧೀನಕ್ಕೆ ಬೇರೆ ನಿಯಮಗಳಿವೆ. ಜಮೀನಿನ ವಿಷಯದಲ್ಲಿ ಕೇಳಿಬರುವ 12 ವರ್ಷಗಳ ಅವಧಿಯು ಚರ ಸ್ವತ್ತಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.

3. ಅನ್ವಯವಾಗುವ ಕಾನೂನುಗಳು

ಅ) ಪರಿಸೀಮಾ ಅಧಿನಿಯಮ, 1963. ವಕೀಲರು ಲಿಮಿಟೇಷನ್ ಆಕ್ಟ್ ಎಂದು ಕರೆಯುವ ಈ ಕೇಂದ್ರ ಕಾನೂನು 1964ರ ಜನವರಿ 1ರಿಂದ ಜಾರಿಯಲ್ಲಿದೆ. ದಾವೆಗಳ ಕಾಲಮಿತಿಯನ್ನು ಇದರ ಅನುಸೂಚಿಯಲ್ಲಿ ಅನುಚ್ಛೇದವಾರು ನೀಡಲಾಗಿದೆ.

ಆ) ನಿರ್ದಿಷ್ಟ ಪರಿಹಾರ ಅಧಿನಿಯಮ, 1963. ನಿರ್ದಿಷ್ಟ ಚರ ಸ್ವತ್ತನ್ನೇ ಮರಳಿ ಪಡೆಯುವ ಹಕ್ಕಿನ ಬಗ್ಗೆ ಇದರ 7 ಮತ್ತು 8ನೇ ಪ್ರಕರಣಗಳು ತಿಳಿಸುತ್ತವೆ.

ಇ) ಸಿವಿಲ್ ಪ್ರಕ್ರಿಯಾ ಸಂಹಿತೆ, 1908. ದಾವೆಯನ್ನು ಎಲ್ಲಿ ಮತ್ತು ಹೇಗೆ ಹೂಡಬೇಕು, ಡಿಕ್ರಿಯನ್ನು ಹೇಗೆ ಜಾರಿ ಮಾಡಬೇಕು ಎಂಬುದನ್ನು ಇದು ನಿಗದಿಪಡಿಸುತ್ತದೆ.

ಈ ಮೂರೂ ಕಾನೂನುಗಳು ಕರ್ನಾಟಕದ ಎಲ್ಲ ಸಿವಿಲ್ ನ್ಯಾಯಾಲಯಗಳಿಗೆ ಅನ್ವಯವಾಗುತ್ತವೆ. ಯಾವುದೇ ವಿಶೇಷ ಅಥವಾ ಸ್ಥಳೀಯ ಕಾನೂನು ಬೇರೆ ಅವಧಿಯನ್ನು ಗೊತ್ತುಪಡಿಸಿದ್ದರೆ, ಪರಿಸೀಮಾ ಅಧಿನಿಯಮದ 29ನೇ ಪ್ರಕರಣದ ಮೇರೆಗೆ ಆ ವಿಶೇಷ ಅವಧಿಯೇ ಅನ್ವಯಿಸುತ್ತದೆ.

4. ಕಾಲಮಿತಿಯ ವಿವರ

(1) ಅನುಚ್ಛೇದ 68. ಕಳೆದುಹೋದ, ಕಳವಾದ, ಅಪ್ರಾಮಾಣಿಕವಾಗಿ ದುರ್ವಿನಿಯೋಗವಾದ ಅಥವಾ ಪರರು ತಮ್ಮದಾಗಿಸಿಕೊಂಡ ನಿರ್ದಿಷ್ಟ ಚರ ಸ್ವತ್ತಿನ ವಸೂಲಿ.
ಅವಧಿ: 3 ವರ್ಷ.
ಆರಂಭ: ಸ್ವತ್ತು ಯಾರ ಸ್ವಾಧೀನದಲ್ಲಿದೆ ಎಂಬುದು ಹಕ್ಕುದಾರರಿಗೆ ಮೊದಲು ತಿಳಿದ ದಿನ.

(2) ಅನುಚ್ಛೇದ 69. ಇತರ ನಿರ್ದಿಷ್ಟ ಚರ ಸ್ವತ್ತಿನ ವಸೂಲಿ.
ಅವಧಿ: 3 ವರ್ಷ.
ಆರಂಭ: ಸ್ವತ್ತನ್ನು ಅಕ್ರಮವಾಗಿ ತೆಗೆದುಕೊಂಡ ದಿನ.

(3) ಅನುಚ್ಛೇದ 70. ನಂಬಿ ಇರಿಸಿದ ಅಥವಾ ಗಿರವಿ ಇಟ್ಟ ಚರ ಸ್ವತ್ತನ್ನು, ಇರಿಸಿಕೊಂಡವರಿಂದ ಅಥವಾ ಗಿರವಿದಾರರಿಂದ ಮರಳಿ ಪಡೆಯುವುದು.
ಅವಧಿ: 3 ವರ್ಷ.
ಆರಂಭ: ಮರಳಿ ಕೇಳಿದ ನಂತರ ಕೊಡಲು ನಿರಾಕರಿಸಿದ ದಿನ.

(4) ಅನುಚ್ಛೇದ 71. ಹಾಗೆ ಇರಿಸಿದ ಅಥವಾ ಗಿರವಿ ಇಟ್ಟ ಸ್ವತ್ತನ್ನು ಪ್ರತಿಫಲ ಕೊಟ್ಟು ಖರೀದಿಸಿದ ಮೂರನೆಯವರಿಂದ ಮರಳಿ ಪಡೆಯುವುದು.
ಅವಧಿ: 3 ವರ್ಷ.
ಆರಂಭ: ಮಾರಾಟದ ಸಂಗತಿ ವಾದಿಗೆ ತಿಳಿದ ದಿನ.

(5) ಅನುಚ್ಛೇದ 91. ಸ್ವತ್ತಿನ ಬದಲು ಅಥವಾ ಅದರೊಂದಿಗೆ ನಷ್ಟ ಪರಿಹಾರ ಕೋರುವುದು.
ಅವಧಿ: 3 ವರ್ಷ.
ಆರಂಭ: ಕಳೆದುಹೋದ, ಕಳವಾದ ಅಥವಾ ದುರ್ವಿನಿಯೋಗವಾದ ಸ್ವತ್ತಾದರೆ, ಯಾರ ಸ್ವಾಧೀನದಲ್ಲಿದೆ ಎಂದು ಮೊದಲು ತಿಳಿದ ದಿನ. ಇತರ ಸ್ವತ್ತಾದರೆ, ಅಕ್ರಮವಾಗಿ ತೆಗೆದುಕೊಂಡ ಅಥವಾ ಹಾನಿ ಮಾಡಿದ ದಿನ, ಇಲ್ಲವೇ ಇರಿಸಿಕೊಂಡವರ ಸ್ವಾಧೀನವು ಕಾನೂನುಬಾಹಿರವಾದ ದಿನ.

(6) ಅನುಚ್ಛೇದ 80. ಕಾನೂನು ಆದೇಶಿಕೆಯ ಮೇರೆಗೆ ಚರ ಸ್ವತ್ತನ್ನು ತಪ್ಪಾಗಿ ಜಪ್ತಿ ಮಾಡಿದ್ದಕ್ಕೆ ಪರಿಹಾರ.
ಅವಧಿ: 1 ವರ್ಷ.
ಆರಂಭ: ಜಪ್ತಿಯ ದಿನ.

(7) ಅನುಚ್ಛೇದ 72. ಜಾರಿಯಲ್ಲಿರುವ ಕಾನೂನಿನ ಅನುಸಾರ ಮಾಡಿದ್ದೆಂದು ಹೇಳಲಾದ ಕೃತ್ಯ ಅಥವಾ ಲೋಪಕ್ಕೆ ಪರಿಹಾರ.
ಅವಧಿ: 1 ವರ್ಷ.
ಆರಂಭ: ಕೃತ್ಯ ಅಥವಾ ಲೋಪ ನಡೆದ ದಿನ.

5. ಅವಧಿ ಆರಂಭವಾಗುವ ದಿನ: ಉದಾಹರಣೆಗಳು

ಮೇಲಿನ ವಿವರದಿಂದ ಕಂಡುಬರುವಂತೆ ಹೆಚ್ಚಿನ ಸಂದರ್ಭಗಳಲ್ಲಿ ಅವಧಿ ಮೂರು ವರ್ಷವೇ ಆಗಿದೆ. ವ್ಯತ್ಯಾಸವಿರುವುದು ಆರಂಭದ ದಿನದಲ್ಲಿ. ಸ್ವತ್ತು ತಮ್ಮ ಕೈಯಿಂದ ಹೇಗೆ ಹೋಯಿತು ಎಂಬುದನ್ನು ಮೊದಲು ನಿರ್ಧರಿಸಿಕೊಂಡರೆ ಆರಂಭದ ದಿನ ತಿಳಿಯುತ್ತದೆ.

5.1 ಕಳವಾದ ಸ್ವತ್ತು

ಒಬ್ಬ ರೈತರ ಮೋಟಾರು ಸೈಕಲ್ 5-2-2022ರಂದು ಸಂತೆಯಲ್ಲಿ ಕಳವಾಗುತ್ತದೆ. ಅದು ನೆರೆಯ ತಾಲ್ಲೂಕಿನ ಒಬ್ಬರ ಬಳಿ ಇದೆ ಎಂಬುದು 20-8-2024ರಂದು ಅವರಿಗೆ ಮೊದಲ ಬಾರಿ ತಿಳಿಯುತ್ತದೆ. ಇಲ್ಲಿ ಕಳವಾದ ದಿನದಿಂದ ಲೆಕ್ಕ ಹಾಕುವುದಿಲ್ಲ. ತಿಳಿದ ದಿನದಿಂದ ಮೂರು ವರ್ಷ, ಅಂದರೆ 20-8-2027ರವರೆಗೆ ದಾವೆ ಹೂಡಲು ಅವಕಾಶವಿದೆ. ಯಾರ ಬಳಿ ಇದೆ ಎಂಬುದೇ ತಿಳಿಯದಿದ್ದರೆ ಈ ಅನುಚ್ಛೇದದಡಿ ಅವಧಿ ಆರಂಭವಾಗುವುದಿಲ್ಲ.

ಆದರೆ ತಿಳಿದ ದಿನ ಯಾವುದೆಂಬುದನ್ನು ವಾದಿಯೇ ಸಾಬೀತುಪಡಿಸಬೇಕಾಗುತ್ತದೆ. ಪೊಲೀಸರು ನೀಡಿದ ತಿಳಿವಳಿಕೆ ಪತ್ರ, ಪಂಚನಾಮೆಯ ಪ್ರತಿ, ಕಳೆದ ಮೊಬೈಲ್‌ಗಳ ಪತ್ತೆಗಾಗಿ ಇರುವ ಸಿ.ಇ.ಐ.ಆರ್. ವ್ಯವಸ್ಥೆಯ ಮೂಲಕ ಬಂದ ಸಂದೇಶ ಮುಂತಾದವನ್ನು ದಿನಾಂಕ ಸಹಿತ ಕಾಯ್ದಿರಿಸಿಕೊಳ್ಳಬೇಕು.

ಕಳ್ಳನಿಂದ ಹಣ ಕೊಟ್ಟು ಖರೀದಿಸಿದವರ ವಿರುದ್ಧವೂ ದಾವೆ ಹೂಡಬಹುದು. ಸರಕು ಮಾರಾಟ ಅಧಿನಿಯಮ, 1930ರ 27ನೇ ಪ್ರಕರಣದ ಪ್ರಕಾರ, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ಮಾರಾಟಗಾರನಿಗೆ ಇಲ್ಲದ ಹಕ್ಕು ಖರೀದಿದಾರನಿಗೆ ದೊರೆಯುವುದಿಲ್ಲ.

5.2 ಬಹಿರಂಗವಾಗಿ ಒಯ್ದ ಸ್ವತ್ತು

ಸಾಲ ಕೊಟ್ಟವರೊಬ್ಬರು, ಯಾವ ಕರಾರು ಅಥವಾ ನ್ಯಾಯಾಲಯದ ಆದೇಶವೂ ಇಲ್ಲದೆ, ಬಾಕಿ ಬರಬೇಕೆಂದು ಹೇಳಿ ಸಾಲಗಾರರ ಟ್ರಾಕ್ಟರನ್ನು 10-6-2025ರಂದು ಅವರ ಕಣ್ಣೆದುರೇ ಕೊಂಡೊಯ್ಯುತ್ತಾರೆ. ಯಾರು ಒಯ್ದರು, ಯಾವಾಗ ಒಯ್ದರು ಎಂಬುದರಲ್ಲಿ ಗುಟ್ಟಿಲ್ಲ. ಅವಧಿ ಅಂದೇ ಆರಂಭವಾಗಿ 10-6-2028ಕ್ಕೆ ಮುಗಿಯುತ್ತದೆ. ನಂತರ ಎಷ್ಟು ಸಲ ಕೇಳಿದರೂ, ಎಷ್ಟು ಸಲ ನಿರಾಕರಿಸಿದರೂ ಹೊಸ ಅವಧಿ ಹುಟ್ಟುವುದಿಲ್ಲ.

ಒಂದೇ ಘಟನೆಯನ್ನು ಒಬ್ಬರು ಕಳವು ಎಂದೂ ಮತ್ತೊಬ್ಬರು ಹಕ್ಕಿನ ಮೇರೆಗೆ ಒಯ್ದದ್ದೆಂದೂ ವಾದಿಸುವುದು ಸಾಮಾನ್ಯ. ಆದುದರಿಂದ ಎರಡು ದಿನಾಂಕಗಳು ಸಾಧ್ಯವಿರುವಲ್ಲಿ ಮೊದಲಿನ ದಿನಾಂಕದಿಂದಲೇ ಲೆಕ್ಕ ಹಾಕಿ ದಾವೆ ಹೂಡುವುದು ಸುರಕ್ಷಿತ.

5.3 ನಂಬಿ ಇರಿಸಿದ ಅಥವಾ ಗಿರವಿ ಇಟ್ಟ ಸ್ವತ್ತು

ಕೆಲಸಕ್ಕಾಗಿ ಕೊಲ್ಲಿ ರಾಷ್ಟ್ರಕ್ಕೆ ಹೋಗುವ ಒಬ್ಬರು 2015ರಲ್ಲಿ ತಮ್ಮ ಒಡವೆಗಳನ್ನು ಬಂಧುಗಳ ಮನೆಯಲ್ಲಿ ಇರಿಸುತ್ತಾರೆ. 1-3-2025ರಂದು ಬರಹದ ಮೂಲಕ ಮರಳಿ ಕೇಳುತ್ತಾರೆ. 15-3-2025ರಂದು ಬಂಧುಗಳು ಕೊಡುವುದಿಲ್ಲವೆಂದು ಉತ್ತರಿಸುತ್ತಾರೆ. ಅವಧಿ ಆರಂಭವಾಗುವುದು ಒಡವೆ ಇರಿಸಿದ 2015ರಿಂದಲ್ಲ, ನಿರಾಕರಿಸಿದ 15-3-2025ರಿಂದ. ಕೊನೆಯ ದಿನ 15-3-2028.

ಹಿಂದಿನ 1908ರ ಅಧಿನಿಯಮದಲ್ಲಿ ಇಂತಹ ದಾವೆಗೆ, ಇರಿಸಿದ ಅಥವಾ ಗಿರವಿ ಇಟ್ಟ ದಿನದಿಂದ 30 ವರ್ಷಗಳ ಅವಧಿ ಇತ್ತು. ಆ ನಿಯಮ ಈಗ ಇಲ್ಲ. ಹಿರಿಯರಿಂದ ಕೇಳಿದ ಮೂವತ್ತು ವರ್ಷಗಳ ಮಾತನ್ನು ನೆಚ್ಚಿ ಯಾರೂ ಕಾಯತಕ್ಕದ್ದಲ್ಲ.

ಮರಳಿ ಕೇಳಿದ್ದು ಮತ್ತು ನಿರಾಕರಿಸಿದ್ದು ಎರಡೂ ಬರಹದಲ್ಲಿರುವುದು ಅಗತ್ಯ. ಬಾಯಿಮಾತಿನಲ್ಲಿ ಹಲವು ವರ್ಷ ಕೇಳಿಕೊಂಡು ಬಂದಿದ್ದರೆ, ಮೊದಲ ನಿರಾಕರಣೆ ಬಹಳ ಹಿಂದೆಯೇ ಆಗಿತ್ತೆಂದು ಪ್ರತಿವಾದಿಯು ವಾದಿಸಲು ಅವಕಾಶವಾಗುತ್ತದೆ.

ಗಿರವಿ ಇಟ್ಟವರು ಸಾಲ ತೀರಿಸಿ ವಸ್ತು ಬಿಡಿಸಿಕೊಳ್ಳುವ ಹಕ್ಕು, ಭಾರತೀಯ ಕರಾರು ಅಧಿನಿಯಮ, 1872ರ 177ನೇ ಪ್ರಕರಣದ ಮೇರೆಗೆ, ಆ ವಸ್ತುವಿನ ಮಾರಾಟ ನಿಜವಾಗಿ ನಡೆಯುವವರೆಗೆ ಇರುತ್ತದೆ. ಮಾರಾಟಕ್ಕೆ ಮುನ್ನ ಗಿರವಿದಾರರು ಸಮಂಜಸವಾದ ತಿಳಿವಳಿಕೆ ನೀಡಬೇಕೆಂದು 176ನೇ ಪ್ರಕರಣ ವಿಧಿಸುತ್ತದೆ.

5.4 ಸರ್ಕಾರಿ ಅಥವಾ ನ್ಯಾಯಾಲಯದ ಪ್ರಕ್ರಿಯೆಯಲ್ಲಿ ಜಪ್ತಿಯಾದ ಸ್ವತ್ತು

ಅಣ್ಣನ ಸಾಲಕ್ಕಾಗಿ ಹೊರಟ ಜಪ್ತಿ ಆದೇಶದ ಮೇರೆಗೆ ತಮ್ಮನ ಎತ್ತುಗಳನ್ನು 12-9-2025ರಂದು ಜಪ್ತಿ ಮಾಡಲಾಗಿದೆ ಎಂದುಕೊಳ್ಳೋಣ. ತಪ್ಪು ಜಪ್ತಿಗೆ ಪರಿಹಾರ ಕೋರುವ ದಾವೆಯನ್ನು ಒಂದು ವರ್ಷದೊಳಗೆ, ಅಂದರೆ 12-9-2026ರೊಳಗೆ ಹೂಡಬೇಕು. ಸಾರ್ವಜನಿಕರು ಹೆಚ್ಚಾಗಿ ತಪ್ಪುವ ಅವಧಿ ಇದೇ ಆಗಿರುತ್ತದೆ. ಎತ್ತುಗಳನ್ನೇ ಬಿಡಿಸಿಕೊಳ್ಳಲು, ಮಾರಾಟಕ್ಕೆ ಮುನ್ನವೇ, ಜಾರಿ ನ್ಯಾಯಾಲಯದಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21 ನಿಯಮ 58ರ ಮೇರೆಗೆ ತಮ್ಮ ಹಕ್ಕಿನ ಕೋರಿಕೆ ಸಲ್ಲಿಸತಕ್ಕದ್ದು.

ಸರ್ಕಾರದ ವಿರುದ್ಧ, ಅಥವಾ ಸಾರ್ವಜನಿಕ ಅಧಿಕಾರಿಯು ತನ್ನ ಅಧಿಕಾರದ ನೆಲೆಯಲ್ಲಿ ಮಾಡಿದ ಕೃತ್ಯದ ಬಗ್ಗೆ ಆ ಅಧಿಕಾರಿಯ ವಿರುದ್ಧ ದಾವೆ ಹೂಡುವ ಮುನ್ನ, ಸಂಹಿತೆಯ 80ನೇ ಪ್ರಕರಣದ ಮೇರೆಗೆ ಎರಡು ತಿಂಗಳ ಲಿಖಿತ ನೋಟೀಸು ಕೊಡಬೇಕು. ಈ ನೋಟೀಸಿನ ಅವಧಿಯನ್ನು ಕಾಲಮಿತಿಯ ಲೆಕ್ಕದಿಂದ ಬಿಡಲಾಗುತ್ತದೆ.

6. ಪೊಲೀಸ್ ದೂರು ಮತ್ತು ಸಿವಿಲ್ ದಾವೆ

ಕಳವು, ದುರ್ವಿನಿಯೋಗ ಮತ್ತು ನಂಬಿಕೆ ದ್ರೋಹಗಳು ಅಪರಾಧಗಳೂ ಹೌದು. 2024ರ ಜುಲೈ 1ರಿಂದ ನಡೆದ ಕೃತ್ಯಗಳಿಗೆ ಭಾರತೀಯ ನ್ಯಾಯ ಸಂಹಿತೆ, 2023 ಅನ್ವಯಿಸುತ್ತದೆ. ಇದರಲ್ಲಿ ಕಳವು 303ನೇ, ಅಪ್ರಾಮಾಣಿಕ ದುರ್ವಿನಿಯೋಗ 314ನೇ, ಅಪರಾಧಿಕ ನಂಬಿಕೆ ದ್ರೋಹ 316ನೇ ಹಾಗೂ ಕಳವು ಮಾಲು ಸ್ವೀಕಾರ 317ನೇ ಪ್ರಕರಣದಲ್ಲಿವೆ. ಅದಕ್ಕೂ ಹಿಂದಿನ ಕೃತ್ಯಗಳಿಗೆ ಭಾರತ ದಂಡ ಸಂಹಿತೆ, 1860 ಅನ್ವಯಿಸುತ್ತದೆ.

ಅಪರಾಧ ಪ್ರಕ್ರಿಯೆ ಮತ್ತು ಸಿವಿಲ್ ದಾವೆ ಪ್ರತ್ಯೇಕವಾದವು. ಒಂದು ನಡೆಯುತ್ತಿರುವಾಗ ಇನ್ನೊಂದನ್ನು ಹೂಡಲು ಅಡ್ಡಿಯಿಲ್ಲ. ಆದರೆ ಪ್ರಥಮ ವರ್ತಮಾನ ವರದಿ ದಾಖಲಾದ ಮಾತ್ರಕ್ಕೆ, ತನಿಖೆ ನಡೆಯುತ್ತಿರುವ ಮಾತ್ರಕ್ಕೆ ಅಥವಾ ಆರೋಪಪಟ್ಟಿ ಸಲ್ಲಿಕೆಯಾದ ಮಾತ್ರಕ್ಕೆ ಸಿವಿಲ್ ಕಾಲಮಿತಿ ನಿಲ್ಲುವುದಿಲ್ಲ. ಅಧಿಕಾರವ್ಯಾಪ್ತಿ ಇಲ್ಲದ ನ್ಯಾಯಾಲಯದಲ್ಲಿ ಕಳೆದ ಕಾಲವನ್ನು ಬಿಡಲು ಅವಕಾಶ ನೀಡುವ 14ನೇ ಪ್ರಕರಣವು ಸಿವಿಲ್ ನಡವಳಿಗಳಿಗೆ ಸಂಬಂಧಿಸಿದ್ದು. ಪೊಲೀಸ್ ತನಿಖೆಯ ಕಾಲಕ್ಕಲ್ಲ.

ಪೊಲೀಸರು ಸ್ವತ್ತನ್ನು ವಶಪಡಿಸಿಕೊಂಡಿದ್ದರೆ ಪ್ರತ್ಯೇಕ ಸಿವಿಲ್ ದಾವೆಯ ಅಗತ್ಯ ಬೀಳದೆ ಇರಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 497 ಮತ್ತು 503ನೇ ಪ್ರಕರಣಗಳ ಮೇರೆಗೆ ಸ್ವತ್ತನ್ನು ತಮ್ಮ ವಶಕ್ಕೆ ನೀಡುವಂತೆ ಸಂಬಂಧಪಟ್ಟ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಸಲ್ಲಿಸಬಹುದು. ವಶಪಡಿಸಿಕೊಂಡ ವಾಹನ, ಒಡವೆ ಮುಂತಾದವನ್ನು ಠಾಣೆಯಲ್ಲಿ ದೀರ್ಘಕಾಲ ಉಳಿಸದೆ, ಸೂಕ್ತ ಮುಚ್ಚಳಿಕೆ ಮತ್ತು ಛಾಯಾಚಿತ್ರ ಪಡೆದು ಬೇಗ ವಿಲೇವಾರಿ ಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ (2002) ತಿಳಿಸಿದೆ. ಆದರೆ ಮ್ಯಾಜಿಸ್ಟ್ರೇಟರ ಇಂತಹ ಆದೇಶವು ಸ್ವತ್ತು ಯಾರ ವಶದಲ್ಲಿರಬೇಕು ಎಂಬುದಕ್ಕೆ ಸಂಬಂಧಿಸಿದ್ದು. ಮಾಲೀಕತ್ವದ ಬಗ್ಗೆ ವಿವಾದವಿದ್ದಲ್ಲಿ ಅದನ್ನು ಸಿವಿಲ್ ನ್ಯಾಯಾಲಯವೇ ತೀರ್ಮಾನಿಸಬೇಕು.

7. ಸ್ತ್ರೀಧನ

ವಿವಾಹದ ಸಮಯದಲ್ಲಿ ಹಾಗೂ ಅದರ ಹಿಂದೆ ಮುಂದೆ ಮಹಿಳೆಗೆ ಬಂದ ಒಡವೆ, ವಸ್ತ್ರ, ಪಾತ್ರೆ, ಉಡುಗೊರೆಗಳು ಆಕೆಯ ಸ್ವಂತ ಸ್ವತ್ತು. ಅವುಗಳನ್ನು ಪತಿ ಅಥವಾ ಪತಿಯ ಮನೆಯವರ ವಶಕ್ಕೆ ಕೊಟ್ಟಿದ್ದರೂ ಅವರು ಮಾಲೀಕರಾಗುವುದಿಲ್ಲ, ನಂಬಿಕೆಯ ಮೇಲೆ ಇರಿಸಿಕೊಂಡವರಾಗುತ್ತಾರೆ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು ಪ್ರತಿಭಾ ರಾಣಿ ವಿರುದ್ಧ ಸೂರಜ್ ಕುಮಾರ್ ಪ್ರಕರಣದಲ್ಲಿ (1985) ಸ್ಪಷ್ಟಪಡಿಸಿದೆ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005ರ 12ನೇ ಪ್ರಕರಣದಡಿ ಅರ್ಜಿ ಸಲ್ಲಿಸಿದಲ್ಲಿ, 19(8)ನೇ ಪ್ರಕರಣದ ಮೇರೆಗೆ ಮ್ಯಾಜಿಸ್ಟ್ರೇಟರು ಸ್ತ್ರೀಧನವನ್ನು ಹಿಂದಿರುಗಿಸಲು ನಿರ್ದೇಶಿಸಬಹುದು. ಸ್ತ್ರೀಧನವನ್ನು ಹಿಂದಿರುಗಿಸದೆ ಇಟ್ಟುಕೊಳ್ಳುವುದು ನಿರಂತರವಾಗಿ ಮುಂದುವರಿಯುವ ಅಪರಾಧವಾಗಿರುವುದರಿಂದ, ಕಾಲ ಮೀರಿದೆ ಎಂಬ ಕಾರಣಕ್ಕೆ ಇಂತಹ ಅರ್ಜಿಯನ್ನು ತಳ್ಳಿಹಾಕಲಾಗದು ಎಂದು ಕೃಷ್ಣಾ ಭಟ್ಟಾಚಾರ್ಜಿ ವಿರುದ್ಧ ಸಾರಥಿ ಚೌಧುರಿ ಪ್ರಕರಣದಲ್ಲಿ (2015) ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದೆ. ಆ ಪ್ರಕರಣದಲ್ಲಿ ದಂಪತಿಗಳ ನಡುವೆ ನ್ಯಾಯಿಕ ಪ್ರತ್ಯೇಕತೆಯ ಡಿಕ್ರಿ ಆಗಿತ್ತು. ಅದರ ಹೊರತಾಗಿಯೂ ಮಹಿಳೆಯ ಅರ್ಜಿಯನ್ನು ಪರಿಗಣಿಸಲು ಅಡ್ಡಿಯಿಲ್ಲವೆಂದು ನ್ಯಾಯಾಲಯ ತಿಳಿಸಿತು.

ಈ ತೀರ್ಪು 2005ರ ಅಧಿನಿಯಮದಡಿಯ ಅರ್ಜಿಗೆ ಸಂಬಂಧಿಸಿದ್ದು. ಸಾಮಾನ್ಯ ಸಿವಿಲ್ ದಾವೆ ಹೂಡಲು ಇಚ್ಛಿಸುವವರು ನಿರಾಕರಣೆಯ ದಿನದಿಂದ ಮೂರು ವರ್ಷಗಳೊಳಗೆ ಹೂಡುವುದು ಕ್ಷೇಮ.

8. ಅವಧಿಯನ್ನು ಎಣಿಸುವ ವಿಧಾನ

ಅ) ಆರಂಭದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ (ಪ್ರಕರಣ 12). ಅವಧಿಯನ್ನು ಗ್ರೆಗೋರಿಯನ್ ಪಂಚಾಂಗದ ಪ್ರಕಾರ ಎಣಿಸಬೇಕು (ಪ್ರಕರಣ 24).

ಆ) ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ, ನ್ಯಾಯಾಲಯ ಮರಳಿ ತೆರೆಯುವ ದಿನ ದಾವೆ ಹೂಡಬಹುದು (ಪ್ರಕರಣ 4). ಬೇಸಿಗೆ ಅಥವಾ ದಸರಾ ರಜೆಯಲ್ಲಿ ಅವಧಿ ಮುಗಿಯುವವರು ತೆರೆಯುವ ದಿನಾಂಕವನ್ನು ಮುಂಚಿತವಾಗಿ ತಿಳಿದುಕೊಂಡಿರಬೇಕು. ಮರುದಿನ ಹೂಡಿದರೆ ಈ ಸೌಲಭ್ಯ ದೊರೆಯದು.

ಇ) ಅವಧಿ ಆರಂಭವಾಗುವಾಗ ಹಕ್ಕುದಾರರು ಅಪ್ರಾಪ್ತರಾಗಿದ್ದರೆ ಅಥವಾ ಚಿತ್ತಸ್ವಾಸ್ಥ್ಯ ಇಲ್ಲದವರಾಗಿದ್ದರೆ, ಆ ಅಸಾಮರ್ಥ್ಯ ಕೊನೆಗೊಂಡ ನಂತರ ಅವಧಿ ದೊರೆಯುತ್ತದೆ, ಆದರೆ ಅದು ಮೂರು ವರ್ಷಗಳನ್ನು ಮೀರುವಂತಿಲ್ಲ (ಪ್ರಕರಣ 6 ಮತ್ತು 8). ಉದಾಹರಣೆಗೆ, 14 ವರ್ಷದ ಬಾಲಕಿಗೆ ಅಜ್ಜಿಯಿಂದ ಬಂದ ಒಡವೆಯನ್ನು ಯಾರಾದರೂ ಅಕ್ರಮವಾಗಿ ಒಯ್ದಿದ್ದರೆ, ಆಕೆ 18 ವರ್ಷ ತುಂಬಿದ ನಂತರ 21 ವರ್ಷ ತುಂಬುವವರೆಗೆ ದಾವೆ ಹೂಡಬಹುದು.

ಈ) ಒಮ್ಮೆ ಆರಂಭವಾದ ಅವಧಿಯು ನಂತರ ಉಂಟಾದ ಅಸಾಮರ್ಥ್ಯದಿಂದ ನಿಲ್ಲುವುದಿಲ್ಲ (ಪ್ರಕರಣ 9). ಮಾಲೀಕರು ಜೀವಂತವಿದ್ದಾಗಲೇ ಅವಧಿ ಆರಂಭವಾಗಿದ್ದರೆ, ಅವರ ಮರಣದ ನಂತರ ವಾರಸುದಾರರಿಗೆ ಉಳಿದ ಅವಧಿ ಮಾತ್ರ ದೊರೆಯುತ್ತದೆ.

ಉ) ಪ್ರತಿವಾದಿಯು ಭಾರತದಿಂದ ಹೊರಗಿದ್ದ ಕಾಲವನ್ನು ಲೆಕ್ಕದಿಂದ ಬಿಡಲಾಗುತ್ತದೆ (ಪ್ರಕರಣ 15(5)). ವಾದಿಯು ಹೊರದೇಶದಲ್ಲಿದ್ದ ಕಾಲವನ್ನು ಬಿಡುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಊರಿಗೆ ಬರುವವರೆಗೆ ಕಾಯದೆ, ಅಧಿಕಾರ ಪತ್ರ ಪಡೆದ ಪ್ರತಿನಿಧಿಯ ಮೂಲಕ ದಾವೆ ಹೂಡಲು ಅವಕಾಶವಿದೆ.

ಊ) ಪ್ರತಿವಾದಿಯು ಮೋಸದಿಂದ ಹಕ್ಕಿನ ಸಂಗತಿಯನ್ನು ಅಥವಾ ಅಗತ್ಯ ದಾಖಲೆಯನ್ನು ಮುಚ್ಚಿಟ್ಟಿದ್ದರೆ, ಮೋಸ ಬಯಲಾದ ದಿನದಿಂದ ಅಥವಾ ತಕ್ಕಷ್ಟು ಎಚ್ಚರ ವಹಿಸಿದ್ದರೆ ಬಯಲಾಗಬಹುದಾಗಿದ್ದ ದಿನದಿಂದ ಅವಧಿ ಆರಂಭವಾಗುತ್ತದೆ (ಪ್ರಕರಣ 17). ಮೋಸದಲ್ಲಿ ಪಾಲ್ಗೊಳ್ಳದೆ, ಅದರ ಅರಿವೂ ಇಲ್ಲದೆ, ಪ್ರತಿಫಲ ಕೊಟ್ಟು ಖರೀದಿಸಿದವರ ವಿರುದ್ಧ ಈ ಸೌಲಭ್ಯ ದೊರೆಯುವುದಿಲ್ಲ.

ಋ) ಅವಧಿ ಮುಗಿಯುವ ಮುನ್ನ ಪ್ರತಿವಾದಿಯು ಸ್ವತ್ತಿನ ಬಗ್ಗೆ ತನ್ನ ಹೊಣೆಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದ್ದರೆ, ಸಹಿಯ ದಿನದಿಂದ ಹೊಸ ಅವಧಿ ಆರಂಭವಾಗುತ್ತದೆ (ಪ್ರಕರಣ 18). ಬಾಯಿಮಾತಿನ ಒಪ್ಪಿಗೆಗೆ ಈ ಪರಿಣಾಮವಿಲ್ಲ. ಅವಧಿ ಮುಗಿದ ನಂತರ ಬರೆದುಕೊಟ್ಟದ್ದಕ್ಕೂ ಈ ಪ್ರಕರಣದಡಿ ಪರಿಣಾಮವಿಲ್ಲ.

ಎ) ಅಧಿಕಾರವ್ಯಾಪ್ತಿ ಇಲ್ಲದ ಸಿವಿಲ್ ನ್ಯಾಯಾಲಯದಲ್ಲಿ ಸದ್ಭಾವನೆಯಿಂದ ಹಾಗೂ ತಕ್ಕ ಶ್ರದ್ಧೆಯಿಂದ ಇದೇ ವಿಷಯವಾಗಿ ನಡೆಸಿದ ನಡವಳಿಯ ಕಾಲವನ್ನು ಬಿಡಲಾಗುತ್ತದೆ (ಪ್ರಕರಣ 14).

9. ಅವಧಿ ಮೀರಿದರೆ ಆಗುವ ಪರಿಣಾಮ

3ನೇ ಪ್ರಕರಣದ ಪ್ರಕಾರ, ಪ್ರತಿವಾದಿಯು ಆಕ್ಷೇಪಣೆ ಎತ್ತದಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡಬೇಕು. ತಡವಾದುದಕ್ಕೆ ಸಾಕಷ್ಟು ಕಾರಣ ತೋರಿಸಿ ಮನ್ನಾ ಕೋರಲು ಅವಕಾಶ ನೀಡುವ 5ನೇ ಪ್ರಕರಣವು ಮೇಲ್ಮನವಿ ಮತ್ತು ಅರ್ಜಿಗಳಿಗೆ ಮಾತ್ರ ಅನ್ವಯಿಸುತ್ತದೆ, ದಾವೆಗೆ ಅನ್ವಯಿಸುವುದಿಲ್ಲ. ಕಾಯಿಲೆ, ಬಡತನ, ಕಾನೂನು ತಿಳಿಯದಿರುವುದು ಇವು ದಾವೆಯ ಅವಧಿಯನ್ನು ವಿಸ್ತರಿಸುವುದಿಲ್ಲ.

ಇದಕ್ಕಿಂತಲೂ ಗಂಭೀರವಾದ ಅಂಶ 27ನೇ ಪ್ರಕರಣದಲ್ಲಿದೆ. ಸಾಲದ ವಿಷಯದಲ್ಲಿ ಅವಧಿ ಮೀರಿದರೆ ದಾವೆಯ ದಾರಿ ಮುಚ್ಚುತ್ತದೆಯೇ ಹೊರತು ಸಾಲ ಅಳಿಯುವುದಿಲ್ಲ. ಸ್ವತ್ತಿನ ಸ್ವಾಧೀನದ ವಿಷಯದಲ್ಲಿ ಹಾಗಲ್ಲ. ಸ್ವಾಧೀನಕ್ಕಾಗಿ ದಾವೆ ಹೂಡುವ ಅವಧಿ ಮುಗಿದೊಡನೆ ಆ ಸ್ವತ್ತಿನ ಮೇಲಿನ ಹಕ್ಕೇ ನಶಿಸುತ್ತದೆ. ತಮ್ಮ ವಸ್ತು ಯಾರ ಬಳಿ ಇದೆಯೆಂದು ತಿಳಿದೂ ಮೂರು ವರ್ಷ ಸುಮ್ಮನಿದ್ದವರು, ಆ ವಸ್ತುವನ್ನು ತಮ್ಮದೆಂದು ಹೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ.

10. ದಾವೆ ಹೂಡುವ ಕ್ರಮ

10.1 ನ್ಯಾಯಾಲಯ: ಅಕ್ರಮ ನಡೆದ ಸ್ಥಳ ಒಂದು ನ್ಯಾಯಾಲಯದ ವ್ಯಾಪ್ತಿಯಲ್ಲಿಯೂ ಪ್ರತಿವಾದಿ ವಾಸಿಸುವ ಸ್ಥಳ ಬೇರೊಂದರ ವ್ಯಾಪ್ತಿಯಲ್ಲಿಯೂ ಇದ್ದರೆ, ಪರಿಹಾರದ ದಾವೆಯನ್ನು ಎರಡರಲ್ಲಿ ಯಾವುದರಲ್ಲಾದರೂ ಹೂಡಬಹುದು (ಸಂಹಿತೆಯ ಪ್ರಕರಣ 19). ಸ್ವತ್ತಿನ ಮೌಲ್ಯಕ್ಕೆ ಅನುಗುಣವಾಗಿ ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯದಲ್ಲಿ, ಬೆಂಗಳೂರು ನಗರದಲ್ಲಿ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಸಲ್ಲಿಸಬೇಕು.

10.2 ಶುಲ್ಕ: ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆ ಮೌಲ್ಯಮಾಪನ ಅಧಿನಿಯಮ, 1958ರ ಪ್ರಕಾರ ಶುಲ್ಕ ಪಾವತಿಸಬೇಕು. ಶುಲ್ಕ ಭರಿಸಲು ಶಕ್ತಿಯಿಲ್ಲದವರು ಸಂಹಿತೆಯ ಆದೇಶ 33ರಂತೆ ನಿರ್ಗತಿಕರಾಗಿ ದಾವೆ ಹೂಡಲು ಅನುಮತಿ ಕೋರಬಹುದು.

10.3 ವಾದಪತ್ರದಲ್ಲಿ ಇರಬೇಕಾದ ಅಂಶಗಳು: ಸ್ವತ್ತಿನ ಗುರುತಿನ ವಿವರ, ಮೌಲ್ಯ, ಅದು ಕೈತಪ್ಪಿದ ರೀತಿ, ಹಕ್ಕು ಉಂಟಾದ ದಿನಾಂಕ. ಮೂರು ವರ್ಷ ಮೀರಿದಂತೆ ಮೇಲ್ನೋಟಕ್ಕೆ ಕಂಡುಬಂದರೆ, ಯಾವ ಕಾರಣದಿಂದ ಅವಧಿ ಉಳಿದಿದೆ ಎಂಬುದನ್ನು ವಾದಪತ್ರದಲ್ಲಿಯೇ ಹೇಳಬೇಕು (ಆದೇಶ 7 ನಿಯಮ 6). ಇಲ್ಲದಿದ್ದರೆ ವಾದಪತ್ರವೇ ತಿರಸ್ಕೃತವಾಗಬಹುದು (ಆದೇಶ 7 ನಿಯಮ 11).

10.4 ಜೊತೆಗಿರಿಸಬೇಕಾದ ದಾಖಲೆಗಳು:
– ಖರೀದಿ ರಸೀದಿ, ವಾಹನದ ನೋಂದಣಿ ಪತ್ರ, ವಿಮಾ ಪತ್ರ, ಒಡವೆಯ ತೂಕದ ಚೀಟಿ, ಛಾಯಾಚಿತ್ರ
– ಗಿರವಿ ರಸೀದಿ ಅಥವಾ ವಸ್ತು ಇರಿಸಿದ್ದಕ್ಕೆ ಬರಹ
– ಮರಳಿ ಕೇಳಿದ ನೋಟೀಸಿನ ಪ್ರತಿ, ಸ್ಪೀಡ್ ಪೋಸ್ಟ್ ರಸೀದಿ ಹಾಗೂ ವಿತರಣೆಯ ದಾಖಲೆ, ಬಂದ ಉತ್ತರ
– ಪೊಲೀಸ್ ದೂರು ನೀಡಿದ್ದರೆ ಪ್ರಥಮ ವರ್ತಮಾನ ವರದಿಯ ಪ್ರತಿ

10.5 ಮಧ್ಯಂತರ ರಕ್ಷಣೆ: ದಾವೆ ನಡೆಯುತ್ತಿರುವಾಗ ಸ್ವತ್ತನ್ನು ಮಾರದಂತೆ ಅಥವಾ ಹಾಳುಮಾಡದಂತೆ ತಡೆಯಾಜ್ಞೆ ಕೋರಬಹುದು (ಆದೇಶ 39).

10.6 ಡಿಕ್ರಿ: ಸ್ವತ್ತನ್ನು ಒಪ್ಪಿಸುವಂತೆ ಡಿಕ್ರಿ ಮಾಡುವಾಗ, ಅದು ಸಿಗದಿದ್ದರೆ ಬದಲಿಗೆ ಕೊಡಬೇಕಾದ ಹಣವನ್ನೂ ನ್ಯಾಯಾಲಯ ನಮೂದಿಸುತ್ತದೆ (ಆದೇಶ 20 ನಿಯಮ 10). ಆದುದರಿಂದ ಮೌಲ್ಯವನ್ನು ಸರಿಯಾಗಿ ತೋರಿಸುವುದು ಅವಶ್ಯಕ.

11. ಉಚಿತ ಕಾನೂನು ನೆರವು

ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ 12ನೇ ಪ್ರಕರಣದ ಮೇರೆಗೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಮುಂತಾದವರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಮಿತಿ ಇಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ರಾಷ್ಟ್ರೀಯ ಕಾನೂನು ನೆರವು ಸಹಾಯವಾಣಿ: 15100. ಅರ್ಜಿಯಲ್ಲಿ ಅವಧಿ ಮುಗಿಯುವ ದಿನಾಂಕವನ್ನು ಎದ್ದು ಕಾಣುವಂತೆ ಬರೆಯುವುದು ಒಳಿತು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಳ್ಳನಿಗೆ ಶಿಕ್ಷೆಯಾಗುವವರೆಗೆ ಕಾಯಬೇಕೆ?
ಉತ್ತರ: ಬೇಡ. ಕ್ರಿಮಿನಲ್ ಮೊಕದ್ದಮೆಯ ತೀರ್ಪಿಗಾಗಿ ಕಾಯುತ್ತಿದ್ದರೆ ಸಿವಿಲ್ ಅವಧಿ ಮುಗಿದುಹೋಗಬಹುದು.

ಪ್ರಶ್ನೆ: ಸ್ವತ್ತು ಮರಳಿ ಕೇಳಿ ವಕೀಲರ ಮೂಲಕ ನೋಟೀಸು ಕೊಟ್ಟರೆ ಅವಧಿ ಮುಂದಕ್ಕೆ ಹೋಗುತ್ತದೆಯೆ?
ಉತ್ತರ: ಇಲ್ಲ. ನಂಬಿ ಇರಿಸಿದ ಅಥವಾ ಗಿರವಿಯ ಸ್ವತ್ತಿನಲ್ಲಿ, ಮೊದಲ ಬಾರಿಗೆ ಕೇಳಿ ನಿರಾಕರಣೆಯಾದ ದಿನದಿಂದ ಅವಧಿ ಆರಂಭವಾಗುತ್ತದೆ. ಆಗಲೇ ಆರಂಭವಾದ ಅವಧಿಯನ್ನು ಖಾಸಗಿ ನೋಟೀಸು ನಿಲ್ಲಿಸುವುದಿಲ್ಲ.

ಪ್ರಶ್ನೆ: ಹಣಕಾಸು ಸಂಸ್ಥೆ ವಾಹನವನ್ನು ಅಕ್ರಮವಾಗಿ ಒಯ್ದಿದೆ. ಗ್ರಾಹಕರ ಆಯೋಗಕ್ಕೆ ಹೋಗಬಹುದೆ?
ಉತ್ತರ: ಸೇವೆಯಲ್ಲಿ ನ್ಯೂನತೆ ಇದ್ದಲ್ಲಿ ಹೋಗಬಹುದು. ಆದರೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 69ನೇ ಪ್ರಕರಣದ ಮೇರೆಗೆ ಅಲ್ಲಿ ಅವಧಿ ಎರಡು ವರ್ಷ. ಸಾಕಷ್ಟು ಕಾರಣ ತೋರಿಸಿದರೆ ವಿಳಂಬವನ್ನು ಆಯೋಗ ಮನ್ನಿಸಬಹುದು.

ಪ್ರಶ್ನೆ: ಲಾರಿಯಲ್ಲಿ ಕಳುಹಿಸಿದ ಸರಕು ಕಳೆದುಹೋಗಿದೆ. ಮೂರು ವರ್ಷ ಕಾಯಬಹುದೆ?
ಉತ್ತರ: ಸಾಗಣೆದಾರರ ವಿರುದ್ಧ ದಾವೆಗೆ ಮೂರು ವರ್ಷ ಇದ್ದರೂ, ರಸ್ತೆ ಮೂಲಕ ಸಾಗಣೆ ಅಧಿನಿಯಮ, 2007ರ 16ನೇ ಪ್ರಕರಣದಂತೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಅದನ್ನು ತಪ್ಪಿಸತಕ್ಕದ್ದಲ್ಲ.

ಪ್ರಶ್ನೆ: ಕೋವಿಡ್ ಕಾಲದ ವಿನಾಯಿತಿ ಈಗಲೂ ಇದೆಯೆ?
ಉತ್ತರ: ಸರ್ವೋಚ್ಚ ನ್ಯಾಯಾಲಯದ 10-1-2022ರ ಆದೇಶದಂತೆ 15-3-2020ರಿಂದ 28-2-2022ರವರೆಗಿನ ಕಾಲವನ್ನು ಲೆಕ್ಕದಿಂದ ಬಿಡಲಾಗಿತ್ತು. ಆ ನಂತರ ಆರಂಭವಾದ ಅವಧಿಗಳಿಗೆ ಅಂತಹ ವಿನಾಯಿತಿ ಇಲ್ಲ.

ಪ್ರಶ್ನೆ: ಅವಧಿ ಮುಗಿಯಲು ಕೆಲವೇ ದಿನಗಳಿವೆ. ಎಲ್ಲ ದಾಖಲೆಗಳು ಕೈಯಲ್ಲಿಲ್ಲ. ಏನು ಮಾಡಬೇಕು?
ಉತ್ತರ: ಅವಧಿಯೊಳಗೆ ವಾದಪತ್ರ ಸಲ್ಲಿಸುವುದೇ ಮುಖ್ಯ. ತಮ್ಮ ವಶದಲ್ಲಿಲ್ಲದ ದಾಖಲೆಗಳು ಯಾರ ಬಳಿ ಇವೆ ಎಂಬುದನ್ನು ವಾದಪತ್ರದಲ್ಲಿ ತಿಳಿಸಿ, ನಂತರ ನ್ಯಾಯಾಲಯದ ಅನುಮತಿ ಪಡೆದು ಹಾಜರುಪಡಿಸಬಹುದು. ಕೂಡಲೇ ವಕೀಲರನ್ನು ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಿ.

13. ಸೂಚನೆ

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲ್ಪಟ್ಟಿದೆ. ಇದು ಅಧಿನಿಯಮಗಳ ಮೂಲ ಪಾಠಕ್ಕೆ ಅಥವಾ ವಕೀಲರ ಸಲಹೆಗೆ ಬದಲಿಯಲ್ಲ. ಪ್ರತಿಯೊಂದು ಪ್ರಕರಣದ ಸಂಗತಿಗಳು ಬೇರೆ ಬೇರೆಯಾಗಿರುವುದರಿಂದ, ಸ್ವತ್ತು ಕೈತಪ್ಪಿದ ದಿನ, ಅದು ಯಾರ ಬಳಿ ಇದೆಯೆಂದು ತಿಳಿದ ದಿನ ಮತ್ತು ಕೊಡಲು ನಿರಾಕರಿಸಿದ ದಿನ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ವಕೀಲರನ್ನು ಆದಷ್ಟು ಬೇಗ ಕಾಣುವಂತೆ ಕೋರಲಾಗಿದೆ.